ತೊಕುಜಿಯ ಬಟ್ಟಲಿಗೆ ಬಂದ ವೈನ್

ನಾನು ಒಂದು ಮಣ್ಣಿನ ಬಟ್ಟಲು. ಮೂರು ಗುಟುಕು ಹಿಡಿದರೆ ಹೆಚ್ಚು. ಜಪಾನಿನ ಒಂದು ಬೆಟ್ಟದೂರಿನ ಗೂಡಿನಲ್ಲಿ ಬೆಂದು ಹುಟ್ಟಿದೆ. ಅಕ್ಕಿ ಹುಳಿಸಿ ಮಾಡುವ ಸಾಕೆ ಕುಡಿಯಲೆಂದೇ ನನ್ನನ್ನು ಮಾಡಿದ್ದರು. ಕೊಂಡವನು ತೊಕುಜಿ, ಹಸಿಮೀನು ಕೊಯ್ದು ಬಡಿಸುವ ಸಣ್ಣ ಅಂಗಡಿಯವನು. ಅವನ ಮೂಗೋ, ಅಬ್ಬಬ್ಬಾ! ಬಾಗಿಲಾಚೆ ಬುಟ್ಟಿ ಇಳಿಸುವಾಗಲೇ ನಿನ್ನೆಯ ಮೀನನ್ನು ಗುರುತಿಸಿ ವಾಪಸು ಅಟ್ಟುತ್ತಿದ್ದ.

ಅವನ ಮಗಳು ಸಾಯೊ ಗುಡ್ಡದ ಮೇಲೆ ಕೊಶು ಎಂಬ ಜಪಾನಿನದೇ ತಳಿಯ ದ್ರಾಕ್ಷಿ ಬೆಳೆದು ವೈನ್ ಮಾಡುತ್ತಿದ್ದಳು. ನಮ್ಮ ಹಸಿಮೀನಿಗೆ ಒಗ್ಗುವ ವೈನ್ ನಮ್ಮ ಮಣ್ಣಿನಿಂದಲೇ ಬರಬೇಕೆಂಬ ಹಟ ಅವಳದು. ಅಪ್ಪ ಒಮ್ಮೆ ‘ಹೊಂದುತ್ತೆ’ ಅಂದರೆ ಸಾಕಿತ್ತು. ಪ್ರತಿ ಚಳಿಗಾಲ ಹೊಸ ಸೀಸೆ ತಂದು ನನಗೆ ಸುರಿಯುತ್ತಿದ್ದಳು. ನನಗಂತೂ ಹೊಟ್ಟೆಯೆಲ್ಲ ಹುಳಿ! ತೊಕುಜಿ ಮೀನಿನ ತುಂಡು ಬಾಯಿಗಿಟ್ಟು, ನನ್ನನ್ನೆತ್ತಿ ಹೀರಿ, ಮುಖ ಕಿವುಚುತ್ತಿದ್ದ.

“ಥೂ! ನನ್ನ ಮೀನನ್ನೇ ನಾರೋ ಹಾಗೆ ಮಾಡುತ್ತಲ್ಲೇ ಇದು!”

ಸಾಯೊ ವೈನ್ ಮಾಗಿಸುವ ಮರದ ಪೀಪಾಯಿ ಬಿಟ್ಟಳು. ವೈನಿಗೆ ಕಬ್ಬಿಣದ ಅಂಶ ಸೇರಿದರೆ ಮೀನು ನಾರುತ್ತದೆಂದು ಯಾರೋ ಹೇಳಿದ್ದಕ್ಕೆ, ದ್ರಾಕ್ಷಿ ಹಿಂಡುವ ಹಳೆಯ ಕಬ್ಬಿಣದ ಯಂತ್ರವನ್ನೂ ಗುಜರಿಗೆ ಹಾಕಿದಳು.

ಆ ಚಳಿಗಾಲ ತೊಕುಜಿ ಜ್ವರದಲ್ಲಿ ಮಲಗಿ ಎದ್ದಿದ್ದ. ಅಂಗಡಿ ತೆರೆದ ಮೊದಲ ದಿನ ಸಂಜೆ ಸಾಯೊ ಬಂದಳು. ಅವನು ಮೀನು ಕೊಯ್ದಿಟ್ಟ, ಅವಳು ವೈನ್ ಸುರಿದಳು. ತಿಂದ, ಹೀರಿದ, ಕಣ್ಣು ಮುಚ್ಚಿದ.

“ಭೇಷ್! ಈಗ ಹೊಂದಿತು ನೋಡೇ. ಮೀನು ಒಂಚೂರೂ ನಾರಲ್ಲ.”

ಎಷ್ಟು ವರ್ಷ ಕಾದ ಮಾತು! ಆದರೆ ಸಾಯೊ ತೋಳಿನಿಂದ ಮೂಗು ಮುಚ್ಚಿಕೊಂಡಿದ್ದಳು. ಆ ಮೀನು ಕೊಳೆತಿತ್ತು.

ಅವನು ಅವಳ ಮುಖ ನೋಡಿದ. ತಟ್ಟೆಯನ್ನು ಮೂಗಿಗೆ ಹಿಡಿದ. ಮತ್ತೊಮ್ಮೆ ಹಿಡಿದ.

“ಮಧ್ಯಾಹ್ನ ಗಿರಾಕಿಗಳಿಗೂ ಇದನ್ನೇ ಬಡಿಸಿದೆನಲ್ಲೇ...” ಅಂದ. ಎದ್ದು ಹೋಗಿ, ಅಂಗಡಿ ತೆರೆದಿದೆಯೆಂದು ಸಾರಲು ಬಾಗಿಲಿಗೆ ಕಟ್ಟುವ ಪರದೆಯನ್ನು ಬಿಚ್ಚಿ ಇಳಿಸಿದ. ಮತ್ತೆ ಅದನ್ನು ಕಟ್ಟಲೇ ಇಲ್ಲ. ಮುಂದಿನ ದ್ರಾಕ್ಷಿ ಹಣ್ಣಾಗುವ ಮೊದಲೇ ತೀರಿಕೊಂಡ.

ನನಗೀಗ ವಯಸ್ಸಾಗಿದೆ, ಅಂಚಿನಲ್ಲಿ ಚಕ್ಕೆ ಎದ್ದಿದೆ. ತೊಕುಜಿಯ ಫೋಟೊದ ಮುಂದೆ ಕೂತಿದ್ದೇನೆ. ಸಾಯೊಳ ವೈನನ್ನು ದೊಡ್ಡ ಹೋಟೆಲುಗಳಲ್ಲಿ ಮೀನಿನ ಜೊತೆ ಬಡಿಸುತ್ತಾರಂತೆ, ಬಾಯ್ತುಂಬ ಹೊಗಳುತ್ತಾರಂತೆ. ಅವಳಿಗೆ ಅದ್ಯಾವುದೂ ಹಿಡಿಸುವುದಿಲ್ಲ. ಚಳಿಗಾಲ ಬಂತೆಂದರೆ ಹೊಸ ವೈನ್ ನನಗೆ ಸುರಿದು, ಪಕ್ಕದಲ್ಲಿ ಒಂದು ತುಂಡು ಹಸಿಮೀನಿಟ್ಟು ಕೂರುತ್ತಾಳೆ.

“ಬೈಯಪ್ಪಾ, ಒಂದೇ ಒಂದು ಸಲ ಬೈದುಬಿಡು” ಅನ್ನುತ್ತಾಳೆ.

ಮೀನು ನಾರತೊಡಗುವವರೆಗೂ ಅವಳು ಏಳುವುದಿಲ್ಲ.