ಹೆಣ್ಣು ನೋಡಲು ಹೋದ ಮನಃಶಾಸ್ತ್ರ

ಲಕ್ಷ್ಮಯ್ಯ ಒಳ್ಳೆಯ ಹುಡುಗ. ಮನಃಶಾಸ್ತ್ರ ಓದಿರದಿದ್ದರೆ ಇನ್ನೂ ಒಳ್ಳೆಯವನಾಗಿರುತ್ತಿದ್ದ. ಚಾಮರಾಜಪೇಟೆಯ ಕಾಲೇಜೊಂದರಲ್ಲಿ ಅದನ್ನೇ ಪಾಠ ಮಾಡುತ್ತಿದ್ದ. ಅದು ಸಾಲದೆಂದು ಕಂಡಕಂಡವರ ಬಾಲ್ಯವನ್ನೂ ಕೆದಕುತ್ತಿದ್ದ. ಈ ಚಾಳಿಯಿಂದ ಆಗಲೇ ಎರಡು ಸಂಬಂಧ ಮುರಿದಿದ್ದವು. ಒಂದು ಮನೆಯಲ್ಲಂತೂ, ಪದೇ ಪದೇ ಕೈ ತೊಳೆಯುತ್ತಿದ್ದ ಹುಡುಗಿಯ ತಾಯಿಗೆ, "ಚಿಕ್ಕಂದಿನಲ್ಲಿ ನಿಮ್ಮನ್ನ ಕಕ್ಕಸಿಗೆ ಕೂರಿಸುವಾಗ ತುಂಬ ಗದರಿಸಿರ್ಬೇಕು" ಅಂದಿದ್ದ. ಅವರು ಕಾಫಿಯನ್ನೂ ಕೊಡದೆ ಕಳಿಸಿದ್ದರು.

ಹನುಮಂತನಗರದ ಈ ಮೂರನೆಯ ಸಂಬಂಧ ಮಾತ್ರ ತಪ್ಪಬಾರದೆಂದು ಸ್ವತಃ ಅವನಿಗೇ ಇತ್ತು. ಹುಡುಗಿ ಮುನಿರತ್ನ ಅವನು ಹತ್ತುವ ಬಸ್ಸಿನಲ್ಲೇ ಬ್ಯಾಂಕಿಗೆ ಹೋಗುತ್ತಿದ್ದಳು. ಒಂದು ದಿನ ಸ್ಟಾಪಿನಲ್ಲಿ ನಿಲ್ಲಿಸದ ಡ್ರೈವರನ್ನು ಅವಳು ತರಾಟೆಗೆ ತೆಗೆದುಕೊಂಡದ್ದನ್ನು ಕಂಡು, ಮದುವೆಯಾದರೆ ಇವಳನ್ನೇ ಎಂದು ನಿಶ್ಚಯಿಸಿಬಿಟ್ಟಿದ್ದ.

"ಅಲ್ಲಿ ನಿನ್ನ ಶಾಸ್ತ್ರ ಬಿಚ್ಚಿದ್ರೆ ನಾನು ಎದ್ದು ಬಂದ್ಬಿಡ್ತೀನಿ," ಎಂದು ತಾಯಿ ಸುಬ್ಬಮ್ಮ ದಾರಿಯುದ್ದಕ್ಕೂ ಎಚ್ಚರಿಸಿದರು.

ಉಪ್ಪಿಟ್ಟು, ಕೇಸರಿಬಾತು ಬಂದವು. ಮುನಿರತ್ನ ತಟ್ಟೆ ಕೊಟ್ಟು ಅಜ್ಜಿ ತಿಮ್ಮಕ್ಕನ ಪಕ್ಕ ಕುಳಿತಳು. ಅವಳ ಅಪ್ಪ ನಾರಾಯಣಪ್ಪ ಕಬ್ಬಿಣದ ಅಂಗಡಿಯ ಸಾಹುಕಾರರು, ಬಡಾವಣೆಯ ಸಂಘಕ್ಕೆ ಅಧ್ಯಕ್ಷರು. ಅವರ ಬಾಯಿಗೆ ಬಿಡುವೇ ಇರಲಿಲ್ಲ. ಎಲೆ ಅಡಿಕೆ ಮುಗಿದರೆ ಕಡಲೆಕಾಯಿ, ಅದು ಮುಗಿದರೆ ಬೆಂಕಿಕಡ್ಡಿ. ಲಕ್ಷ್ಮಯ್ಯನ ನಾಲಿಗೆ ತುರಿಸತೊಡಗಿತು.

"ಅದೇನೋ ಮನಸ್ಸಿನ ಶಾಸ್ತ್ರ ಅಂತೆ? ನನ್ನ ಮನಸ್ಸಲ್ಲೇನಿದೆ, ಹೇಳಿ ನೋಡೋಣ ಮೇಷ್ಟ್ರೇ," ಎಂದು ನಾರಾಯಣಪ್ಪ ನಕ್ಕರು.

ಸುಬ್ಬಮ್ಮ ಜೋರಾಗಿ ಕೆಮ್ಮಿದರು. ಆದರೆ ಕೇಳಿದ ಮೇಲೂ ಹೇಳದಿರುವುದು ಲಕ್ಷ್ಮಯ್ಯನ ಜಾಯಮಾನವಲ್ಲ.

"ಮಗೂಗೆ ಮೊದಮೊದಲು ಸುಖವೆಲ್ಲ ಬಾಯಲ್ಲೇ ಇರುತ್ತೆ ಸಾರ್. ತಾಯಿ ಹಾಲು ಬೇಗ ಬಿಡಿಸಿಬಿಟ್ರೆ ಮನಸ್ಸು ಅಲ್ಲೇ ನಿಂತುಹೋಗುತ್ತೆ. ಆಮೇಲೆ ಜೀವನ ಪೂರ್ತಿ ಬಾಯಿಗೆ ಏನಾದ್ರೂ ಬೇಕು ಅನ್ನಿಸ್ತಾನೇ ಇರುತ್ತೆ."

ತಿಮ್ಮಕ್ಕ ಸೆಟೆದು ಕುಳಿತರು. "ಯಾರಯ್ಯ ಬೇಗ ಬಿಡಿಸಿದ್ದು? ಇವನು ಇಸ್ಕೂಲು ಸೇರಿದ್ ಮೇಲೂ ಕುಡೀತಿದ್ದ! ಮಧ್ಯಾಹ್ನ ಗಂಟೆ ಹೊಡೆದ್ರೆ ಸ್ಲೇಟು ಹಿಡ್ಕೊಂಡು ಓಡಿ ಬರೋನು. ಬೇಕಾದ್ರೆ ಊರೋರನ್ನ ಕೇಳು!"

"ಅವ್ವಾ!" ಅಧ್ಯಕ್ಷರ ಬಾಯಿಂದ ಕಡ್ಡಿ ಉದುರಿತು.

ಅಲ್ಲಿಗೆ ಸುಮ್ಮನಾಗಿದ್ದರೆ ಹೇಗೋ ಆಗುತ್ತಿತ್ತು. "ಜಾಸ್ತಿ ದಿನ ಕುಡಿಸಿದ್ರೂ ಹಾಗೇ ಆಗುತ್ತೆ ಅಜ್ಜಿ," ಅಂದ ಪುಣ್ಯಾತ್ಮ.

"ಕಮ್ಮಿಯಾದ್ರೂ ತಪ್ಪು, ಜಾಸ್ತಿಯಾದ್ರೂ ತಪ್ಪು. ಹಂಗಾದ್ರೆ ಎಷ್ಟು ಕುಡಿಸ್ಬೇಕಿತ್ತು?"

"ಅದನ್ನ ಶಾಸ್ತ್ರದಲ್ಲಿ ಹೇಳಿಲ್ಲ."

ನಾರಾಯಣಪ್ಪ ಎದ್ದು ನಿಂತರು. "ಕೈ ತೊಳ್ಕೊಳ್ಳಿ ಮೇಷ್ಟ್ರೇ. ನಿಮ್ಮ ಬಸ್ಸಿಗೆ ಹೊತ್ತಾಯ್ತು."

ಲಕ್ಷ್ಮಯ್ಯನಿಗೆ ಗೊತ್ತಾಗಿಹೋಯಿತು: ಮುನಿರತ್ನ ಕೈತಪ್ಪಿ ಹೋದಳು; ಇದಕ್ಕೆ ಯಾರ ಬಾಲ್ಯವೂ ಕಾರಣವಲ್ಲ, ತನ್ನ ಬಾಯಿಯೇ ಕಾರಣ. ಅಳು ಬರುವಷ್ಟು ಸಂಕಟವಾಗಿ ಉಗುರು ಕಚ್ಚತೊಡಗಿದ.

"ಅಪ್ಪ, ಒಂದ್ನಿಮಿಷ," ಅಂದಳು ಮುನಿರತ್ನ. "ಇವರ ಬಾಯಿ ನೋಡಿ."

ಎಲ್ಲರೂ ನೋಡಿದರು. ತಿಮ್ಮಕ್ಕ ಸುಬ್ಬಮ್ಮನ ಕಡೆ ತಿರುಗಿದರು. "ನೀನು ಹೇಳಮ್ಮ. ಇವನಿಗೆ ಯಾವಾಗ ಬಿಡಿಸ್ದೆ?"

ಸುಬ್ಬಮ್ಮನಿಗೆ ನಾಚಿಕೆಯಾಯಿತು. "ಏನ್ ಹೇಳ್ಲಿ ದೊಡ್ಡಮ್ಮ. ನಾಲ್ಕು ವರ್ಷ ತುಂಬಿದ್ರೂ ಬಿಡ್ಲಿಲ್ಲ. ಎಲ್ರೂ ಮಾಡೋ ಹಾಗೆ ಬೇವಿನ ಸೊಪ್ಪು ಅರೆದು ಹಚ್ಕೊಂಡೆ. ಮೂತಿ ಕಿವುಚಿದ, ಅತ್ತ, ಅಷ್ಟನ್ನೂ ನೆಕ್ಕಿದ. ಆಮೇಲೆ ಆರಾಮಾಗಿ ಕುಡಿದ."

ತಿಮ್ಮಕ್ಕ ಕಣ್ಣಲ್ಲಿ ನೀರು ಬರುವಂತೆ ನಕ್ಕರು. ಮುನಿರತ್ನ ಸೆರಗು ಬಾಯಿಗೆ ಒತ್ತಿಕೊಂಡಳು. ಲಕ್ಷ್ಮಯ್ಯನ ಕಿವಿ ಕೆಂಪಾದವು. ಉಗುರು ಕಚ್ಚುತ್ತಿದ್ದ ಕೈಯನ್ನು ಬೆನ್ನ ಹಿಂದೆ ಅಡಗಿಸಿಕೊಂಡ.

"ಲೋ ನಾರಾಣಿ," ಎಂದರು ತಿಮ್ಮಕ್ಕ, "ಬೇವು ಹಚ್ಚಿದ್ರೂ ಬಿಡದೋನು ಕಣೋ ಇವನು. ನಮ್ಮ ಹುಡುಗಿ ಬಾಯಿಗೆ ಹೆದ್ರಿ ಓಡಿಹೋಗೋನಲ್ಲ. ಕೊಟ್ಬಿಡು."

ನಾರಾಯಣಪ್ಪ ಮಗಳ ಮುಖ ನೋಡಿದರು.

"ನನ್ನ ಬಾಲ್ಯದ ತಂಟೆಗೆ ಬರಲ್ಲ ಅಂತ ಮಾತು ಕೊಟ್ರೆ ಆಗಬಹುದು," ಅಂದಳು ಮುನಿರತ್ನ.

ಲಕ್ಷ್ಮಯ್ಯ ಸಂತೋಷದಿಂದ ಬಾಯಿ ತೆರೆದ. ಇನ್ನೇನು ಹೇಳಿಬಿಡುತ್ತಾನೋ ಎಂದು ಸುಬ್ಬಮ್ಮ ಅದರೊಳಗೆ ಒಂದು ಬಾಳೆಹಣ್ಣು ತುರುಕಿದರು.