ನಗು ಹಾಕದ ಜಾಗ

ಮನೆಮನೆಗೂ ನಗು ಹಂಚುತ್ತಿದ್ದ ಆ ಧಾರಾವಾಹಿಯನ್ನು ಬರೆಯುತ್ತಿದ್ದವಳು ಗಂಡನಿಂದ ವಿಚ್ಛೇದನ ಪಡೆದವಳು. ಅದಕ್ಕೆ ನಗು ಹಾಕುತ್ತಿದ್ದವನು ಅದೇ ಮಾಜಿ ಗಂಡ. ಯಾರೂ ಬೇಕೆಂದು ಮಾಡಿದ್ದಲ್ಲ. ನಿರ್ಮಾಪಕರಿಗೆ ಅವಸರಕ್ಕೆ ಸಿಕ್ಕವರು ಇವರಿಬ್ಬರೇ, ಅಷ್ಟೆ.

ಕಥೆಯೂ ಅಂಥದ್ದೇ. ಬೇರೆಯಾದ ಗಂಡ ಹೆಂಡತಿ ಒಂದೇ ಕಟ್ಟಡದಲ್ಲಿ ಮೇಲೆ ಕೆಳಗೆ ಬಾಡಿಗೆಗಿದ್ದು, ನೀರಿನ ಪೈಪಿಗೂ ಚಪ್ಪಲಿ ಸ್ಟ್ಯಾಂಡಿಗೂ ಜಗಳವಾಡುತ್ತ, ಮೆಲ್ಲಗೆ ಮತ್ತೆ ಒಬ್ಬರನ್ನೊಬ್ಬರು ಹಚ್ಚಿಕೊಳ್ಳುತ್ತಾರೆ. ಅವಳು ಸಂಭಾಷಣೆಯ ಪಕ್ಕದಲ್ಲಿ 'ಸಣ್ಣ ನಗು', 'ದೊಡ್ಡ ನಗು' ಎಂದು ಗುರುತು ಹಾಕಬೇಕು. ಅವನು ಹೆಡ್‌ಫೋನ್ ಏರಿಸಿಕೊಂಡು, ಹಿಂದೆಂದೋ ರೆಕಾರ್ಡ್ ಮಾಡಿಟ್ಟ ಜನರ ನಗುವನ್ನು ಅಲ್ಲಲ್ಲಿ ಅಂಟಿಸಬೇಕು. ಇಬ್ಬರೂ ಮಾತಾಡುವ ಅಗತ್ಯವೇ ಇರಲಿಲ್ಲ. ಮಾತಾಡುತ್ತಲೂ ಇರಲಿಲ್ಲ.

ಆದರೂ ನಿಜ ಹೇಳಬೇಕೆಂದರೆ ಅವಳು ಅವನಿಗೆ ಋಣಿಯಾಗಿದ್ದಳು. ಅವಳ ಜೋಕುಗಳಲ್ಲಿ ಕೆಲವಂತೂ ಶುದ್ಧ ಸಪ್ಪೆ. ಹೆದರಿ ಹೆದರಿ 'ಸಣ್ಣ ನಗು' ಎಂದು ಬರೆದ ಕಡೆ ಅವನು ಹೊಟ್ಟೆ ಹಿಡಿದುಕೊಂಡು ನಗುವವರನ್ನೇ ತಂದು ಕೂರಿಸಿಬಿಡುತ್ತಿದ್ದ. ಹಾಗೆ ಅವಳ ಮಾನ ಎಷ್ಟು ಸಲ ಉಳಿಯಿತೋ. ಸಂಸಾರ ಮಾಡುವಾಗ ಈ ಮಹಾರಾಯ ಅವಳ ಒಂದು ಮಾತಿಗೂ ಹಲ್ಲು ಬಿಟ್ಟವನಲ್ಲ ಎನ್ನುವುದು ಬೇರೆ ವಿಷಯ.

ಕೊನೆಯ ಕಂತಿಗೆ ಅವಳು ಒಂದು ಕೆಲಸ ಮಾಡಿದಳು. ನಾಯಕಿ ಮೆಟ್ಟಿಲ ಮೇಲೆ ನಿಂತು ನಾಯಕನಿಗೆ ಹೇಳುತ್ತಾಳೆ: "ಹೋಗ್ತೀನಿ ಅಂದೆ, ನೀವು ಸೂಟ್‌ಕೇಸ್ ಇಳಿಸಿಕೊಟ್ರಿ. ಯಾಕೆ ಅಂತ ಒಂದು ಮಾತು ಕೇಳಿದ್ರೆ ಉಳ್ಕೊಂಡ್‌ಬಿಡ್ತಿದ್ದೆ." ಅದು ಅವಳ ಸ್ವಂತ ಮಾತು, ಮನೆ ಬಿಟ್ಟ ದಿನ ಗಂಟಲಲ್ಲೇ ಉಳಿದದ್ದು. ಅವನ ಕಿವಿಗೆ ಬೀಳಲಿ ಎಂದೇ ಬರೆದಳು. ಬರೆದ ಮೇಲೆ ಧೈರ್ಯ ಸಾಲದೆ ಪಕ್ಕದಲ್ಲಿ 'ದೊಡ್ಡ ನಗು' ಎಂದೂ ಸೇರಿಸಿದಳು. ಅವನು ನಗು ಅಂಟಿಸಿದರೆ, ಅವನ ಪಾಲಿಗೆ ಅದೂ ಒಂದು ಜೋಕು ಎಂದಾಯಿತು. ತಾನು ಆಸೆ ಬಿಟ್ಟುಬಿಡಬೇಕು.

ಪ್ರಸಾರಕ್ಕೆ ಮೊದಲು ಕಂತು ತೋರಿಸುವ ದಿನ ಅವಳು ನಿರ್ಮಾಪಕರ ಪಕ್ಕದಲ್ಲಿ ಕೂತಿದ್ದಳು. ಅವನು ಹಿಂದೆ, ಯಂತ್ರದ ಹತ್ತಿರ. ನಾಯಕಿ ಮೆಟ್ಟಿಲಿಗೆ ಬಂದಳು, ಮಾತು ಆಡಿದಳು. ನಗು ಬರಲಿಲ್ಲ. ಕೋಣೆಯಲ್ಲಿ ಫ್ಯಾನಿನ ಸದ್ದು ಬಿಟ್ಟರೆ ಏನೂ ಇಲ್ಲ. ಅವಳ ಕಣ್ಣು ತುಂಬಿಬಂತು.

"ಏನಯ್ಯಾ, ಇಲ್ಲಿ ದೊಡ್ಡ ನಗು ಅಂತ ಬರ್ದಿದೆಯಲ್ಲ. ನಿದ್ದೆ ಮಾಡ್ತಿದ್ಯಾ?" ನಿರ್ಮಾಪಕರು ರೇಗಿದರು.

"ಹಾಕಿ ನೋಡ್ದೆ ಸಾರ್. ಕೇಳಕ್ಕಾಗ್ಲಿಲ್ಲ, ತೆಗ್ದುಬಿಟ್ಟೆ."

"ಜನ ನಗಬೇಕಲ್ಲಯ್ಯಾ."

"ಬೇರೆ ಎಲ್ಲಿ ಬೇಕಾದ್ರೂ ನಗಿಸ್ತೀನಿ. ಇಲ್ಲಿ ಬೇಡ."

ನಿರ್ಮಾಪಕರು ಅವಳ ಕಡೆ ತಿರುಗಿದರು. ಬಾಯಿ ತೆರೆದರೆ ಅಳು ಬರುತ್ತದೆಂದು ಅವಳು ನಗು ಬೇಡವೆಂದು ತಲೆಯಾಡಿಸಿದಳು. ಅವರಿಗೇನು ಹೊಳೆಯಿತೋ, "ಇಬ್ರೂ ಸೇರಿ ನನ್ನ ಮುಳುಗಿಸಿ" ಎಂದು ಗೊಣಗುತ್ತ ಫೋನ್ ಹಿಡಿದು ಹೊರಗೆ ಹೋದರು. ಆ ಪುಣ್ಯಾತ್ಮರು ನೂರು ಕಾಲ ಚೆನ್ನಾಗಿರಲಿ.

ಅವನು ಹೆಡ್‌ಫೋನ್ ಕಳಚಿ ಮೇಜಿನ ಮೇಲಿಟ್ಟ. ಅವಳ ಕಡೆ ತಿರುಗಿದ.

"ಯಾಕೆ ಹೋದೆ?"

"ದಿನವಿಡೀ ಊರವರ ನಗು ಕೇಳಿ ಸಾಕಾಗಿ ಮನೆಗೆ ಬರ್ತಿದ್ರಿ. ಒಳಗೆ ನಾನು ಅಳ್ತಿದ್ದದ್ದು ನಿಮಗೆ ಕೇಳಿಸ್ತಾನೇ ಇರ್ಲಿಲ್ಲ."

ಅವನು ಪಕ್ಕದ ಕುರ್ಚಿಯ ಮೇಲಿದ್ದ ವೈರುಗಳನ್ನೆಲ್ಲ ಎತ್ತಿ ಕೆಳಗಿಟ್ಟು ಜಾಗ ಮಾಡಿದ.

"ಈಗ ಕೇಳ್ತೀನಿ. ಹೇಳು."

ಅವಳು ಕೂತು, ಮೊದಲಿಂದ ಶುರುಮಾಡಿದಳು.