ರೇವವ್ವನ ಗಿಡ್ಡ ಕೈ

ಮಗಳ ಕೈ ಜಗ್ಗಿ ಉದ್ದ ಮಾಡಲು ಹೊರಟ ಜಾಣ ಈ ಲೋಕದಲ್ಲಿ ಕಾಳಪ್ಪ ಒಬ್ಬನೇ ಇರಬೇಕು. ಎರಡು ವರ್ಷ, ದಿನಾ ಬೆಳಿಗ್ಗೆ ಔಡಲೆಣ್ಣೆ ಹಚ್ಚಿ ಜಗ್ಗಿದ. ರೇವವ್ವ ಅತ್ತಳು. ಎಣ್ಣೆ ತೀರಿತು, ಕೈ ಇದ್ದಷ್ಟೇ ಇತ್ತು.

ಶಾಲೆಗೆ ಸೇರಬೇಕಾದರೆ ಬಲಗೈಯನ್ನು ತಲೆಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟಬೇಕಿತ್ತು. ಮುಟ್ಟಿದರೆ ಆರು ತುಂಬಿದೆ ಎಂದರ್ಥ. ನಾಲತವಾಡದ ಹತ್ತಿರದ ಆ ಹಳ್ಳಿಯಲ್ಲಿ ಹುಟ್ಟಿದ ತಾರೀಖು ಯಾರು ಬರೆದಿಟ್ಟಿದ್ದರು? ರೇವವ್ವನಿಗೆ ಒಂಬತ್ತಾಗಿತ್ತು. ಕುಳ್ಳ ಮೈ, ಚಪ್ಪಟೆ ಮೂಗು, ತೊದಲು ಮಾತು, ಕಂಡವರಿಗೆಲ್ಲ ನಗುವ ಮುಖ. ಬೆರಳು ಮಾತ್ರ ನೆತ್ತಿ ದಾಟುತ್ತಿರಲಿಲ್ಲ. ಮಾಸ್ತರರು ಮೂರು ಜೂನ್ ವಾಪಸ್ ಕಳಿಸಿದ್ದರು.

ಶಾಲಾ ಕಮಿಟಿಗೆ ರಾವಸಾಬ ಗೌಡರೇ ಹಿರಿಯರು. ಕಾಳಪ್ಪ ಅವರ ಹೊಲದ ಆಳು.

"ಆಕಿಗೆ ಸಾಲಿ ಯಾಕೋ ಕಾಳ್ಯಾ? ನಮ್ಮ ಆಕಳ ಕರ ಕಾಯಲಿ. ಒಂದು ತಂಗಳ ರೊಟ್ಟಿ ಒಗಿತೇನಿ."

"ನಿಮ್ಮ ದೊಡ್ಡ ಮನಸ್ಸು ರೀ," ಎಂದು ಕಾಳಪ್ಪ ಕೈಮುಗಿದಿದ್ದ. ಆ ತಂಗಳ ರೊಟ್ಟಿ ನೆನೆದಾಗಲೆಲ್ಲ ತನ್ನ ಬಾಯಿಗೆ ತಾನೇ ಬಡಿದುಕೊಳ್ಳಬೇಕೆನಿಸುತ್ತಿತ್ತು.

ಆ ಬೇಸಿಗೆ ಮಗಳಿಗೆ ಕೆಮ್ಮು ಹೆಚ್ಚಾಗಿ, ಕಾಳಪ್ಪ, ಅವನ ಹೆಂಡತಿ ಸಾತವ್ವ ಬಾಗೇವಾಡಿಯ ದವಾಖಾನೆಗೆ ಕರೆದೊಯ್ದರು. ಡಾಕ್ಟರಬಾಯಿ ಹುಡುಗಿಯ ಅಂಗೈ, ಕಣ್ಣು ನೋಡಿದರು. ಭುಜ ನೋಡಿ ಹುಬ್ಬು ಗಂಟಿಕ್ಕಿದರು.

"ಹೆಗಲು ಯಾಕ ಬಾತೈತಿ?"

"ಜಗ್ಗೇನ್ರಿ. ಕಿವಿ ಮುಟ್ಟಲಿ ಅಂತ."

"ಜಗ್ಗಬ್ಯಾಡಪಾ. ಇಂಥಾ ಮಕ್ಕಳ ಕೈ ಗಿಡ್ಡನ ಇರ್ತಾವ. ಹೊಟ್ಟ್ಯಾಗ ಮೈ ನೇಯುವಾಗ ಒಂದು ಎಳಿ ಹೆಚ್ಚಿಗಿ ಬಿದ್ದೈತಿ, ಅಷ್ಟ."

ಸಾತವ್ವ ಸೆರಗು ಬಾಯಿಗೆ ಒತ್ತಿಕೊಂಡಳು. "ಗ್ರಹಣದಾಗ ನಾ ಹೊರಗ ಬಂದಿದ್ದೆರಿ..."

"ಗ್ರಹಣಲ್ಲ, ಪಾಪಲ್ಲ. ನಿನ್ನ ತಪ್ಪು ಏನೂ ಇಲ್ಲವ್ವ. ಈಕಿ ಕಲೀತಾಳ, ಸಾವಕಾಶ ಕಲೀತಾಳ. ಬೈಬ್ಯಾಡ್ರಿ. ನೀವು ಮಾಡಿ ತೋರಸ್ರಿ, ನೋಡಿ ಮಾಡ್ತಾಳ."

ಒಂಬತ್ತು ವರ್ಷ ಎದೆಯೊಳಗಿಟ್ಟುಕೊಂಡಿದ್ದ ಅಳುವನ್ನು ಸಾತವ್ವ ಅಲ್ಲೇ ಅತ್ತು ಮುಗಿಸಿದಳು.

ಜೂನ್ ಬಂತು. ಕಾಳಪ್ಪ ಮಗಳನ್ನು ಶಾಲೆಯ ಪಡಸಾಲೆಗೆ ಕರೆತಂದು, ಡಾಕ್ಟರಬಾಯಿಯ ಮಾತನ್ನೆಲ್ಲ ಮಾಸ್ತರರಿಗೆ ಒಪ್ಪಿಸಿದ. ಪಕ್ಕದ ಕುರ್ಚಿಯಲ್ಲಿದ್ದ ಗೌಡರು ನಕ್ಕರು.

"ಎಳಿಗಿಳಿ ಬ್ಯಾಡ. ಕಿವಿ ಮುಟ್ಟಿದರ ಸಾಲಿ, ಇಲ್ಲಂದರ ಕರ."

"ಹಂಗಾರ ನೀವ ಒಮ್ಮೆ ಮುಟ್ಟಿ ತೋರಸ್ರಿ ಗೌಡ್ರ. ನೋಡಿ ಕಲೀತಾಳ."

ಇದರಲ್ಲಿ ಕಪಟವಿರಲಿಲ್ಲ ಎಂದು ಕಾಳಪ್ಪ ಇಂದಿಗೂ ಆಣೆ ಮಾಡುತ್ತಾನೆ. ಕಪಟ ಮಾಡುವಷ್ಟು ಬುದ್ಧಿಯಿದ್ದರೆ ಎರಡು ವರ್ಷ ಕೈ ಜಗ್ಗುತ್ತಿದ್ದನೇ?

ಮಕ್ಕಳನ್ನು ಸೇರಿಸಲು ಬಂದ ತಾಯಂದಿರೆಲ್ಲ ನೋಡುತ್ತಿದ್ದರು. ಗೌಡರು ತಲೆಯ ರುಮಾಲು ತೆಗೆದು ಬಲಗೈ ಎತ್ತಿದರು. ಉಂಡು ಬೆಳೆದ ತೋಳು ಬಾಗಲಿಲ್ಲ. ಉಂಗುರದ ಬೆರಳು ಬೋಳುನೆತ್ತಿಯ ಮೇಲೆ ನಿಂತುಬಿಟ್ಟಿತು. ತಿಣುಕಿದರು, ಬೆವತರು.

ಆ ಕಷ್ಟ ಏನೆಂದು ರೇವವ್ವನಿಗೆ ಗೊತ್ತಿತ್ತು. ಹತ್ತಿರ ಹೋಗಿ, ತನ್ನ ಗಿಡ್ಡ ಕೈಯಿಂದ ಗೌಡರ ಎಡಗಿವಿ ಹಿಡಿದಳು.

"ಇಲ್ಲೈತಿ ನೋದಜ್ಜಾ."

ತಾಯಂದಿರ ನಡುವಿನಿಂದ ಕೂಲಿಯ ಹನಮವ್ವ ಕೇಳಿದಳು: "ಮಾಸ್ತರ, ಗೌಡ್ರಿಗೆ ಇನ್ನಾ ಆರು ತುಂಬಿಲ್ಲೇನ್ರಿ?"

ಪಡಸಾಲೆ ಹಾರಿಹೋಗುವಂತೆ ನಗೆ ಎದ್ದಿತು. ಹನಮವ್ವ ನಗಲಿಲ್ಲ. "ರೇವಿ ಹೆಸರು ಬರಕೋರಿ. ಇಲ್ಲಂದರ ನನ್ನ ಮಗನ ಹೆಸರೂ ಬ್ಯಾಡ." ಉಳಿದ ತಾಯಂದಿರೂ ತಮ್ಮ ಮಕ್ಕಳ ರಟ್ಟೆ ಹಿಡಿದು ಎದ್ದು ನಿಂತರು. ಮಾಸ್ತರರು ಗೌಡರ ಕಡೆ ನೋಡಿದರು, ಹೆಂಗಸರ ಕಡೆ ನೋಡಿದರು, ಪೆನ್ನು ತೆಗೆದು ಬರೆದುಕೊಂಡರು.

ಗೌಡರು ರುಮಾಲು ಬಗಲಲ್ಲಿ ಇಟ್ಟುಕೊಂಡು ಎದ್ದರು. "ಕಾಳ್ಯಾ, ನಾಳಿಂದ ಕೆಲಸಕ್ಕ ಬರಬ್ಯಾಡ."

"ನಿಮ್ಮ ದೊಡ್ಡ ಮನಸ್ಸು ರೀ," ಎಂದ ಕಾಳಪ್ಪ. ಬಾಯಿಗೆ ಅಂಟಿದ ಚಟ, ಬಿಡುತ್ತದೆಯೇ? ಕೈ ಮಾತ್ರ ಮುಗಿಯಲಿಲ್ಲ. ಅದರೊಳಗೆ ಮಗಳ ಕೈ ಇತ್ತು.